ಮುಂಜಾನೆ ನಾ ಫೋನ್ ಮಾಡಿ ಎಬ್ಬಸಂಗಿಲ್ಲ, ಅಳಿಯಾ

ಧಾರವಾಡ

ಅಳಿಯಾ, ಆಶೀರ್ವಾದ.

ನಿನ್ನ ವಾಯ್ಸ್ ಮೆಸೇಜ್ ಎರಡ ಸರ್ತಿ ಕೇಳಿದೆ. "ಮಾವಾ, ಮೊದಲಿನ ಹುರುಪು ಉಳಿದಿಲ್ರಿ, ದಿನಾ ಮುಂಜಾನೆ ಐದಕ್ಕ ನೀವ ಫೋನ್ ಹಚ್ಚಿ ಎಬ್ಬಸ್ರಿ, ನಿಮ್ಮ ದನಿ ಕೇಳಿದ್ರ ಎದ್ದು ರನ್ನಿಂಗಿಗೆ ಹೋಗ್ತೀನಿ" ಅಂದಿ. ಫೋನಿನ್ಯಾಗ ಮಾತಾಡಿದ್ರ ಅರ್ಧಾ ಉಳದಬಿಡ್ತಾವ ಅಂತ ಕುಂತು ಟೈಪ್ ಮಾಡಾಕತ್ತೀನಿ, ಉದ್ದ ಆಗ್ತೈತಿ, ಪುರ್ಸತ್ತು ಮಾಡ್ಕೊಂಡು ಓದು. ಮುಂಜಾನೆ ಫೋನ್ ಮಾತ್ರ ನಾ ಮಾಡಂಗಿಲ್ಲ. ನಿನ್ನ ಮ್ಯಾಲೆ ಪ್ರೀತಿ ಕಮ್ಮಿ ಆಗಿ ಅಲ್ಲಪಾ, ನೀ ಹೋಗಬೇಕು ಅಂತ ಹಟಾ ಹಿಡದಿರೋ ಪ್ಯಾರಾ ಸ್ಪೆಷಲ್ ಫೋರ್ಸಸ್, ಅಂದ್ರ ಫೌಜಿನ ಕಮಾಂಡೋ ಪಡೆ, ಆ ಜಾಗಾನ ಅಂಥಾದ್ದೈತಿ.

ಸಾದಾ ಪಲ್ಟಣದಾಗ ಮುಂಜಾನೆ ಸೀಟಿ ಊದ್ತಾರ, ಹವಾಲ್ದಾರ ಬಂದು ಬ್ಯಾರಕ್ಕಿನ ಬಾಗಲಾ ಬಡೀತಾನ, ನಿಂಗ ಮನಸ್ಸಿರ್ಲಿ ಬಿಡ್ಲಿ ಪಿಟಿ ಗ್ರೌಂಡಿನ್ಯಾಗ ನಿಂತಿರ್ತಿ. ನಾ ಮರಾಠಾ ರೆಜಿಮೆಂಟಿನ್ಯಾಗ ನೌಕರಿ ಮಾಡಿದ್ದು ಹಂಗ, ಅದ್ರಾಗೇನೂ ಸಣ್ಣತನ ಇಲ್ಲ. ಆದ್ರ ಪ್ಯಾರಾ ಎಸ್‌ಎಫ್ ಅನ್ನೋದು ಬ್ಯಾರೆ. ಅಲ್ಲಿಗೆ ತಾನಾಗೇ ಹೆಸರು ಕೊಟ್ಟು ಹೋಗಬೇಕು, ಹೋದ ಮ್ಯಾಲೆ ಪ್ರೊಬೇಷನ್, ನಿದ್ದಿ ಇಲ್ಲ, ಬೆನ್ನ ಮ್ಯಾಲೆ ಪಿಟ್ಟು (ಭಾರದ ಚೀಲಾ), ಕೈಯಾಗ ರೈಫಲ್ ಹಿಡ್ಕೊಂಡು ರಾತ್ರಿ ಪೂರಾ ನಡೀಬೇಕು, ಮರುದಿನ ಮತ್ತ ಅದ, ಕಲಸೋ ಉಸ್ತಾದರ ರಗಡಾ, ಅಂದ್ರ ಶಿಕ್ಷಾ, ಬ್ಯಾರೆ. ಇಷ್ಟರ ನಡುವ ಯಾವಾಗ ಬೇಕಾದ್ರೂ "ನನ್ನ ಕಡೆ ಆಗಂಗಿಲ್ಲ" ಅಂತ ಒಂದ ಮಾತು ಅಂದ್ರ ಸಾಕು, ಹಿಡದು ನಿಂದರಸವ್ರು ಯಾರೂ ಇಲ್ಲ, ಮೊದಲಿನ ಯೂನಿಟ್ಟಿಗೆ ವಾಪಸ್ ಕಳಸ್ತಾರ. ಹೋದವರಾಗ ಬಾಳ ಮಂದಿ ಹಂಗ ವಾಪಸ್ ಬರ್ತಾರ, ಅದರಾಗ ಕಸರತ್ತು ಮಾಡಿ ಮೈ ಗಟ್ಟಿ ಮಾಡ್ಕೊಂಡ ಹುಡುಗೂರೂ ಇರ್ತಾರ. ಮೈ ಸೋತು ಬಂದವರಿಗಿಂತ, ನಡುರಾತ್ರಿ ಚಳಿಯಾಗ "ಇದೆಲ್ಲಾ ನನಗ್ಯಾಕ" ಅಂತ ಒಂದ ಗಳಿಗಿ ಅನಿಸಿ ಬಂದವ್ರ ಜಾಸ್ತಿ ಅಂತ ನಂಗ ಅನಸ್ತೈತಿ. ಅಂಥಾ ರಾತ್ರ್ಯಾಗ ನಿಂಗ ಮಾವನ ಫೋನ್ ಬರಂಗಿಲ್ಲ ಅಳಿಯಾ. ಈಗಿಂದನ ನನ್ನ ದನಿ ಮ್ಯಾಲೆ ಏಳೋ ರೂಢಿ ಬಿದ್ರ ಅವತ್ತ ಏನ ಮಾಡ್ತಿ?

ನಮ್ಮ ಕಡೆಯವರ ಒಬ್ಬರದು ಹೇಳ್ತೀನಿ, ಹೆಸರು ನಿಂಗೂ ಗೊತ್ತೈತಿ, ಕುಂದಗೋಳ ತಾಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ಕ್ಕ ಸಿಯಾಚಿನ್ನಿನ್ಯಾಗ 19,000 ಅಡಿ ಮ್ಯಾಲೆ ಹಿಮ ಕುಸದು ಹತ್ತ ಮಂದಿ ಮುಚ್ಚಿ ಹೋದ್ರು, ಆರ ದಿನಾ ಆದ ಮ್ಯಾಲೆ ಇವರೊಬ್ಬರ ಜೀವಂತ ಸಿಕ್ರು, ಡೆಲ್ಲಿ ದವಾಖಾನಿಯಾಗ 11ಕ್ಕ ತೀರ್ಕೊಂಡ್ರು. ಆವಾಗ ಊರೂರಿನ್ಯಾಗ ಪೂಜಾ ಮಾಡಿದ್ರು, ಎಲ್ಲಾರೂ ಆ ಆರ ದಿನದ ಮಾತ ಆಡ್ತಾರ, ಆದ್ರ ನಂಗ ಅದಕ್ಕಿಂತ ದೊಡ್ಡದು ಅನ್ಸೋದು ಅದರ ಹಿಂದಿನ ಅವರ ಸರ್ವಿಸ್. 2002ರಾಗ ಫೌಜಿನ 19 ಮದ್ರಾಸ್ ಬಟಾಲಿಯನ್ನಿಗೆ ಸೇರಿದ್ರು, 13 ವರ್ಷದ ನೌಕರಿಯಾಗ 10 ವರ್ಷ ಕಠಿಣ ಜಾಗಾದಾಗ ಇದ್ರು, ಕಾಶ್ಮೀರದಾಗ ಒಮ್ಮೆ ಇದ್ದು ಬಂದ ಮ್ಯಾಲೂ 2008ರಾಗ ತಾವ ಕೇಳ್ಕೊಂಡು ಅಲ್ಲಿ ಉಗ್ರರ ಜೋಡಿ ಕಾದಾಡೋ ರಾಷ್ಟ್ರೀಯ ರೈಫಲ್ಸಿಗೆ ಹೋದ್ರು, ಅದು ಮುಗದ ಮ್ಯಾಲೆ ಮತ್ತ ಕೇಳ್ಕೊಂಡ ಈಶಾನ್ಯಕ್ಕ. ಅವರೇನು ಸ್ಪೆಷಲ್ ಫೋರ್ಸಸ್ ಅಲ್ಲ, ಲ್ಯಾನ್ಸ್ ನಾಯಕ. ಆದ್ರ "ನಾ ಹೋಗ್ತೀನಿ" ಅಂತ ಮತ್ತ ಮತ್ತ ಅಂದ್ರಲ್ಲ, ಪ್ಯಾರಾದವ್ರ ಆ ಮೆರೂನ್ ಟೋಪಿ ಹಾಕ್ಕೋಬೇಕಂದ್ರ ಬೇಕಾಗಿದ್ದು ಅದ ಮನಸ್ಸು.

ಹುರುಪು ಇಲ್ಲ ಅಂತ ಕೊರಗಬ್ಯಾಡ. ಅದು ಮುಂಗಾರಿ ಮಳಿ ಇದ್ದಂಗ, ಒಂದ ವಾರ ಸುರೀತೈತಿ ಒಂದ ತಿಂಗಳ ಮಾರಿ ತೋರಸಂಗಿಲ್ಲ, ನಿಮ್ಮಪ್ಪ ಮಳಿ ಬರ್ಲಿ ಆಮ್ಯಾಲೆ ಹೊಲಾ ಹರಗ್ತೀನಿ ಅಂತ ಎಂದರ ಕುಂತಾನೇನು? ಮನಸ್ಸಿಲ್ಲದ ದಿನಾ ಪೂರಾ ರಜಾ ಹಾಕೂ ಬದ್ಲಿ ಶೂ ಕಟ್ಟಿ ಡಂಬಳದ ಕೆರಿ ದಂಡಿ ಮಟಾ ನಡ್ಕೋತ ಹೋಗು. ಅಲ್ಲಿ ನಿಂತ ಮ್ಯಾಲೆ ಓಡಬೇಕು ಅನಿಸಿದ್ರ ಓಡು, ಇಲ್ಲಂದ್ರ ನಡ್ಕೋತ ಮನಿಗೆ ಬಾ. ಬಾಳ ಸಲ ಓಡತಿ, ನೋಡ್ಕೋತ ಇರು.

ಆ ರೀಲ್ಸ್ ನೋಡೋದು ಕಮ್ಮಿ ಮಾಡು. ಕಮಾಂಡೋಗಳು ಹೆಲಿಕಾಪ್ಟರಿನಿಂದ ಹಗ್ಗಾ ಹಿಡದು ಇಳಿಯೋದು, ಹಿಂದ ಹಾಡು, ಅದನ್ನ ರಾತ್ರಿ ಹನ್ನೆರಡರ ಮಟಾ ನೋಡಿದ್ರ ಎದಿ ಉಬ್ಬತೈತಿ ಖರೆ, ಮುಂಜಾನೆ ಕಣ್ಣ ತೆರಿಯಂಗಿಲ್ಲ. ರಾತ್ರಿ ಹತ್ತಕ್ಕ ಫೋನ್ ನಿಮ್ಮವ್ವನ ಕೈಯಾಗ ಕೊಟ್ಟು ಮಲ್ಕೋ.

ಇನ್ನ ದಾರಿ ವಿಷಯ. ಮೊದ್ಲ ಸಿಪಾಯಿ ಆಗಬೇಕು, ಆಮ್ಯಾಲಿಂದು ಆಮ್ಯಾಲೆ. ಈಗ ಸಿಪಾಯಿ ಭರ್ತಿ ಅಗ್ನಿವೀರ್ ಸ್ಕೀಮಿನ್ಯಾಗ, ಅದರ ಜಿಡಿ (ಜನರಲ್ ಡ್ಯೂಟಿ) ಹುದ್ದಾಕ್ಕ ಹತ್ತನೇದಾಗ ಒಟ್ಟು 45 ಪರ್ಸೆಂಟ್, ಒಂದೊಂದು ವಿಷಯದಾಗ 33 ಬೇಕು. 2023ರಿಂದ ಮೊದ್ಲ ಕಂಪ್ಯೂಟರಿನ ಮ್ಯಾಲೆ ಪರೀಕ್ಷಾ, ಅದು ಪಾಸಾದ್ರನ ರ‍್ಯಾಲಿಗೆ ಕರೀತಾರ, ಅದಕ್ಕ ಬರೇ ಮೈ ಬೆಳಸ್ಕೋತ ಕುಂತ್ರ ಗ್ರೌಂಡಿನ ಗೇಟ್ ಮುಟ್ಟಂಗಿಲ್ಲ, ದಿನಾ ಸಂಜಿಗೆ ಗಣಿತ ಜಿಕೆ ಹಿಡದು ಕುಂದ್ರಲೇಬೇಕು. ನಿನ್ನ ಓದು ಹಿಂದ ಬಿದ್ದೈತಿ ಅಂತ ಅಕ್ಕ ಹೇಳಿದ್ಲು. ರ‍್ಯಾಲಿಯಾಗ 1.6 ಕಿಲೋಮೀಟರ್ 5 ನಿಮಿಷ 30 ಸೆಕೆಂಡಿನ ಒಳಗ ಓಡಿದ್ರ ಪೂರಾ 60 ಮಾರ್ಕ್ಸ್, ಬೀಮ್ (ಕಂಬಿ ಹಿಡದು ಮೈ ಮ್ಯಾಲೆತ್ತೋದು) 10 ಹೊಡದ್ರ 40, ಒಂಬತ್ತ ಫೂಟಿನ ಗುಂಡಿ ಜಿಗಿಯೋದು, ಬ್ಯಾಲೆನ್ಸ್ ಮ್ಯಾಲೆ ನಡಿಯೋದು ಪಾಸಾದ್ರ ಸಾಕು. 400 ಮೀಟರಿನ ಟ್ರ್ಯಾಕಿಗೆ ಲೆಕ್ಕಾ ಹಾಕಿದ್ರ ಒಂದ ರೌಂಡಿಗೆ 82 ಸೆಕೆಂಡಿನ ಆಸುಪಾಸು ಬರ್ತೈತಿ. ಮೊದಲನೇ ರೌಂಡ್ ಜೋರ ಓಡಿ ಮೂರನೇದಕ್ಕ ಬಾಯಿ ತಕ್ಕೊಂಡು ನಿಂದ್ರೋ ಹುಡುಗೂರನ್ನ ಬಾಳ ನೋಡೀನಿ, ನೀ ನಾಕೂ ರೌಂಡ್ ಒಂದ ಲೆಕ್ಕದಾಗ ಓಡೋದು ಕಲಿ.

ಪ್ಯಾರಾದ ಹುಚ್ಚಿನ್ಯಾಗ ಬೆನ್ನಿಗೆ ಉಸುಕಿನ ಚೀಲಾ ಕಟ್ಕೊಂಡು ಡಾಂಬರ ರೋಡ ಮ್ಯಾಲೆ ಓಡಾಕತ್ತಿ ಅಂತಲ್ಲ, ಅದನ್ನ ಇವತ್ತ ಬಿಡು. ಮೊಣಕಾಲ ಕೆಳಗ ಮುಂದಿನ ಎಲುಬು ನೋಯ್ತೈತಿ ಅಂದ್ಯಲ್ಲ, ಅದು ಡಾಂಬರಿಂದು ಮತ್ತ ಒಮ್ಮೆಲೆ ಓಟಾ ಹೆಚ್ಚ ಮಾಡಿದ್ದರ ಫಲ. ನೋವು ಇಳಿಯೋತನಕ ಓಟ ಕಮ್ಮಿ ಮಾಡು, ಮಣ್ಣ ದಾರಿ ಹಿಡಿ, ಎಲುಬಿನ ಮ್ಯಾಲೆ ಒಂದ ಜಾಗಾ ಮುಟ್ಟಿದ್ರ ಚುಚ್ಚತೈತಿ ಅಂದ್ರ ಗದಗಿನ್ಯಾಗ ಡಾಕ್ಟರಿಗೆ ತೋರ್ಸು, ತಡಾ ಮಾಡಬ್ಯಾಡ, ಸೀಳು ಬಿಟ್ರ ತಿಂಗಳುಗಟ್ಟಲೆ ಮನ್ಯಾಗ ಕುಂದ್ರಬೇಕಾಗ್ತೈತಿ. ಭಾರ ಹೊರೋದು ಫೌಜಿಯಾಗ ಬೇಕಾದಷ್ಟ ಐತಿ, ಅವ್ರ ಕಲಸ್ತಾರ. ಮತ್ತೊಂದು, ಕಪ್ಪತಗುಡ್ಡದಾಗ ನಸುಕಿನ್ಯಾಗ ಒಬ್ಬನ ಹತ್ತಬ್ಯಾಡ, 2019ರಾಗ ಅದು ವನ್ಯಜೀವಿಧಾಮ ಆಗೇತಿ, ಚಿರತಿ ತ್ವಾಳ ಅದಾವ. ನಿಮ್ಮವ್ವ ಅದಕ್ಕ ಅಂಜತಾಳ, ಅಕಿ ಅಂಜಿಕಿ ಖರೆ ಐತಿ. ಊಟಕ್ಕ ಡಬ್ಬಿ ಪೌಡರ್ ಬ್ಯಾಡ, ರೊಟ್ಟಿ, ಮಡಕಿಕಾಳಿನ ಪಲ್ಲೆ, ಶೇಂಗಾ, ಮೊಸರು, ತತ್ತಿ, ಇಷ್ಟ ಹೊಟ್ಟಿ ತುಂಬ ತಿನ್ನು.

ಒಂದ ಮಾತು ಮುಚ್ಚಿಡಂಗಿಲ್ಲ. ಅಗ್ನಿವೀರ್ ನಾಕ ವರ್ಷದ್ದು, ಆಮ್ಯಾಲೆ 25 ಪರ್ಸೆಂಟ್ ಮಂದಿಗಷ್ಟ ಕಾಯಂ ಅಂತ 2022ರಾಗ ಸ್ಕೀಮ್ ತಂದಾಗ ಹೇಳ್ಯಾರ. ಪ್ಯಾರಾಕ್ಕ ಹೆಸರು ಕೊಡೂ ಅವಕಾಶ ನಿಂಗ ಯಾವಾಗ ಸಿಗ್ತೈತಿ, ಸಿಕ್ರೂ ಪ್ರೊಬೇಷನ್ ದಾಟತಿಯೋ ಇಲ್ಲೋ, ಯಾರೂ ಬರದ ಕೊಡಂಗಿಲ್ಲ. ನಿಮ್ಮಪ್ಪ ಅದಕ್ಕ ಒದ್ದಾಡತಾನ, ಅಂವಗ ಎದುರ ಮಾತಾಡಬ್ಯಾಡ, ಬಿ.ಎ. ಅರ್ಧಕ್ಕ ಬಿಡಬ್ಯಾಡ. ನನ್ನ ಕೇಳಿದ್ರ ಇದು ಮಾಡೂವಂಥಾ ಕೆಲಸಾನ. ನಮ್ಮ ಮರಾಠಾದ 21ನೇ ಬಟಾಲಿಯನ್ 1996ರಾಗ ಪ್ಯಾರಾ ಎಸ್‌ಎಫ್ ಆತು, ಫೌಜಿನ ಘಾತಕ್ ಹುಡುಗೂರು (ಪಲ್ಟಣದಾಗ ಮುಂದ ನುಗ್ಗಿ ಹೊಡಿಯೋ ತುಕಡಿಯವ್ರು) ತಯಾರಾಗೋ ಕಮಾಂಡೋ ವಿಂಗ್ ಇಲ್ಲೇ ಬೆಳಗಾವಿಯಾಗ ಐತಿ, ಇದೇನು ನಮ್ಮ ಕಡೆಯವರಿಗೆ ದೂರದ ಮಾತಲ್ಲ. ನೀ ಅಲ್ಲಿ ನಿಂತಿದ್ದು ನೋಡಬೇಕು ಅಂತ ನಂಗ ನಿನಗಿಂತ ಹೆಚ್ಚ ಆಸೆ ಐತಿ.

ಕಾಲ ನೋವು ಇಳದ ಮ್ಯಾಲೆ ಒಂದ ರವಿವಾರ ಧಾರವಾಡಕ್ಕ ಬಾ, ನಾ ಕರೆಯಂಗಿಲ್ಲ, ನೀನ ದಿನಾ ಗೊತ್ತ ಮಾಡಿ ತಿಳಸು. ಆರ್.ಎನ್. ಶೆಟ್ಟಿ ಸ್ಟೇಡಿಯಮ್ಮಿನ್ಯಾಗ ಸ್ಟಾಪ್‌ವಾಚ್ ಹಿಡದು ನಾ ನಿಂದರ್ತೀನಿ, ನಾಕ ರೌಂಡಿಂದೂ ಟೈಮ್ ಬ್ಯಾರೆ ಬ್ಯಾರೆ ಬರಕೊಳ್ಳೋಣು. ಬರಬೇಕಾದ್ರ ಹತ್ತನೇದರ ಮಾರ್ಕ್ಸ್ ಕಾರ್ಡ್ ತಗೊಂಡ ಬಾ, ಅದರಾಗಿನ ಹೆಸರು, ಹುಟ್ಟಿದ ತಾರೀಖು ಆಧಾರಕ್ಕ ಕೂಡ್ತಾವೋ ಇಲ್ಲೋ ನೋಡೋಣು, ತಪ್ಪಿದ್ರ ಈಗ ಸರಿ ಮಾಡಸಾಕ ಟೈಮ್ ಐತಿ.

ನಿಮ್ಮ ಮಾವ