ಬಿಡ್ ದಾಖಲೆ ನಿಮ್ಮ ಕೈಯಲ್ಲಿ, ಜಗಳ ಮಾತ್ರ ನಮ್ಮಿಬ್ಬರದ್ದಾ?

ಗೆ,
ಕುಂದುಕೊರತೆ ಅಧಿಕಾರಿಗಳು,
ಆನ್‌ಲೈನ್ ಹರಾಜು ವಿಭಾಗ

ಇಂದ,
ನಿಮ್ಮಲ್ಲಿ ಕೊಳ್ಳುವ ಮತ್ತು ಮಾರುವ ಒಬ್ಬ ಗ್ರಾಹಕ,
ತುಮಕೂರು

ವಿಷಯ: ಹಳೆಯ ಎಚ್‌ಎಂಟಿ ವಾಚುಗಳ ಹರಾಜಿನಲ್ಲಿ ಸುಳ್ಳು ಬಿಡ್, ತೋರಿಸಿದ್ದೊಂದು ಕಳಿಸಿದ್ದೊಂದು ಮಾಲು, ಗೆದ್ದು ಹಣ ಕಟ್ಟದವರು.

ಮಾನ್ಯರೇ,

ನಾನು ನಿಮ್ಮ ಸೈಟಿನಲ್ಲಿ ವಾಚು ಕೊಳ್ಳುತ್ತೇನೆ, ಮಾರುತ್ತೇನೆ ಕೂಡ. ಹಾಗಾಗಿ ಎರಡೂ ಕಡೆಯ ಕಷ್ಟ ಗೊತ್ತು. ಇಲ್ಲಿಯವರೆಗೆ ಒಂದೊಂದು ತಕರಾರಿಗೂ ಬೇರೆ ಬೇರೆ ದೂರು ಕೊಟ್ಟೆ. ಎಲ್ಲದಕ್ಕೂ ಬಂದ ಉತ್ತರ ಒಂದೇ: "ಇದು ಕೊಳ್ಳುವವರು ಮತ್ತು ಮಾರುವವರ ನಡುವಿನ ವಿಷಯ. ನಾವು ವೇದಿಕೆ ಮಾತ್ರ." ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಈ ಸಲ ಎಲ್ಲವನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಎಚ್‌ಎಂಟಿಯ ಪೈಲಟ್ ಎಂಬ ಮಾದರಿಯ ವಾಚಿನ ವಿಷಯ. ಕಪ್ಪು ಡಯಲ್, ಕೀ ಕೊಡುವ ವಾಚು. ಹರಾಜು 900 ರೂಪಾಯಿಗೆ ಶುರುವಾಯಿತು. ನಾನು ಬಿಡ್ ಹಾಕಿದ ಕೆಲವೇ ಸೆಕೆಂಡಿಗೆ ಒಂದು ಐಡಿ ನನ್ನ ಮೇಲೆ 100 ರೂಪಾಯಿ ಏರಿಸುತ್ತಿತ್ತು. ಬೇರೆ ಯಾರಾದರೂ ಹಾಕಿದರೆ ಅದು ಅಷ್ಟು ಅವಸರ ಮಾಡುತ್ತಿರಲಿಲ್ಲ. ನಾನು 3,400ಕ್ಕೆ ನಿಲ್ಲಿಸಿದೆ. ಆ ಐಡಿ 3,500ಕ್ಕೆ ಗೆದ್ದಿತು. ಮಾರನೇ ದಿನ ನನಗೆ ನಿಮ್ಮಿಂದ ಮೆಸೇಜು ಬಂತು. ಗೆದ್ದವರು ಹಣ ಕಟ್ಟಿಲ್ಲವಂತೆ. ಮಾರಾಟಗಾರ ನನ್ನ ಕೊನೆಯ ಬೆಲೆಗೇ, ಅಂದರೆ 3,400ಕ್ಕೆ, ಆ ವಾಚು ಕೊಳ್ಳಲು ನನಗೆ "ಎರಡನೇ ಅವಕಾಶ" ಕೊಡುತ್ತಾನಂತೆ.

ನನಗೆ ಅನುಮಾನ ಬಂದು ಆ ಐಡಿಯ ಹಿಂದಿನ ಬಿಡ್‌ಗಳನ್ನು ನೋಡಿದೆ. ಅದು ಬಿಡ್ ಹಾಕಿದ್ದೆಲ್ಲ ಅದೇ ಮಾರಾಟಗಾರನ ಮಾಲಿಗೆ. ಒಂದು ಸಲವೂ ಹಣ ಕಟ್ಟಿ ಮಾಲು ಪಡೆದ ಗುರುತಿಲ್ಲ. ಒಬ್ಬ ಕೊಳ್ಳುವವನ ಬಾಯಿಂದ ಅವನ ಕೊನೆಯ ಬೆಲೆ ಹೊರಡಿಸುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ಆ ಅವಕಾಶ ಬೇಡ ಎಂದು ನಿಮಗೆ ದೂರು ಕೊಟ್ಟೆ. ಅದು ಮಾರಾಟಗಾರನದ್ದೇ ಇನ್ನೊಂದು ಐಡಿ ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ನೀವು ಹೇಳಬಲ್ಲಿರಿ. ಎರಡೂ ಐಡಿ ಒಂದೇ ಫೋನಿನಿಂದ ಬಂದಿವೆಯಾ, ಒಂದೇ ಬ್ಯಾಂಕ್ ಖಾತೆಗೆ ಸೇರಿವೆಯಾ, ಒಂದೇ ವಿಳಾಸ ಕೊಟ್ಟಿವೆಯಾ ಎಂಬುದು ನಿಮ್ಮ ಕಂಪ್ಯೂಟರಿನಲ್ಲಿದೆ. ನಾನು ಕೇಳಿದ್ದು ಅದನ್ನು ಒಮ್ಮೆ ನೋಡಿ ಎಂದಷ್ಟೇ.

1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಹರಾಜಿನ ಬಗ್ಗೆಯೇ ಇದೆ. ಬೆಲೆ ಏರಿಸಲು ಮಾರುವವನು ಸುಳ್ಳು ಬಿಡ್ ಬಳಸಿಕೊಂಡರೆ ಆ ವ್ಯಾಪಾರವನ್ನು ರದ್ದು ಮಾಡುವ ಹಕ್ಕು ಕೊಂಡವನಿಗೆ ಇದೆ. ಆದರೆ ಸುಳ್ಳು ಬಿಡ್ ಎಂದು ತೋರಿಸುವ ದಾಖಲೆಯನ್ನು ನೀವು ಬಚ್ಚಿಟ್ಟುಕೊಂಡರೆ ಆ ಹಕ್ಕು ಇದ್ದೂ ಇಲ್ಲದ ಹಾಗೆ.

ಇನ್ನು ಎಚ್‌ಎಂಟಿಯದ್ದೇ ಜನತಾ ಎಂಬ ಮಾದರಿಯ ವಾಚು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ತಯಾರಿ ಶುರು ಮಾಡಿತು. ಆಮೇಲೆ ನಮ್ಮ ತುಮಕೂರಿಗೂ ಕಾರ್ಖಾನೆ ಬಂತು. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ತೆಗೆದುಕೊಂಡಿತು. ಹಳೆಯ ವಾಚುಗಳಿಗೆ ಬೇಡಿಕೆ ಏರಿತು, ಅದರ ಹಿಂದೆಯೇ ಬಣ್ಣ ಬಳಿದ ಡಯಲ್‌ಗಳೂ ಬಂದವು. ಹಳೆಯ ಡಯಲ್ ಉಜ್ಜಿ ಹೊಸದಾಗಿ ಬಣ್ಣ ಹೊಡೆದು, ಒಳಗೆ ಮುಳ್ಳು ತಿರುಗಿಸುವ ಮಷೀನ್ ಯಾವುದು ಸಿಕ್ಕಿತೋ ಅದನ್ನು ಕೂರಿಸಿ, "ಒರಿಜಿನಲ್" ಎಂದು ಮಾರುತ್ತಾರೆ. ಬಣ್ಣ ಹೊಡೆದದ್ದು ಎಂದು ಹೇಳಿಯೇ ಮಾರಿದರೆ ನನ್ನ ತಕರಾರಿಲ್ಲ. ಅಂಥದ್ದು ಬೇಕೆನ್ನುವವರೂ ಇದ್ದಾರೆ.

ನಾನು ಗೆದ್ದ ಜನತಾಕ್ಕೆ "ಒರಿಜಿನಲ್ ಡಯಲ್, ಮುಟ್ಟಿಲ್ಲ" ಎಂದು ಬರೆದಿತ್ತು. 2,350 ರೂಪಾಯಿ ಕಟ್ಟಿದೆ. ಬಂದ ವಾಚನ್ನು ಲೆನ್ಸ್ ಹಿಡಿದು ನೋಡಿದರೆ ಡಯಲ್ ಮೇಲಿನ "ಪಾರಾ ಶಾಕ್" (ವಾಚಿಗೆ ಪೆಟ್ಟು ತಡೆಯುವ ವ್ಯವಸ್ಥೆಯ ಹೆಸರು) ಎಂಬ ಸಣ್ಣ ಅಕ್ಷರ ದಪ್ಪವಾಗಿ ಒಂದಕ್ಕೊಂದು ಅಂಟಿಕೊಂಡಿದೆ. ಮುಳ್ಳು ಕೂರುವ ನಡುವಿನ ತೂತಿನ ಒಳಗೆ ಬಿಳಿ ಬಣ್ಣ ಇಳಿದು ಒಣಗಿದೆ. ಕಾರ್ಖಾನೆಯಲ್ಲಿ ಅಚ್ಚಾದ ಡಯಲ್ ಹೀಗಿರುವುದಿಲ್ಲ. ಅಷ್ಟೇ ಅಲ್ಲ, ಜಾಹೀರಾತಿನ ಫೋಟೋದಲ್ಲಿ ಬೆಲ್ಟ್ ಸಿಕ್ಕಿಸುವ ಜಾಗದ ಪಕ್ಕ ಒಂದು ಗೀರು ಇತ್ತು. ನನಗೆ ಬಂದ ವಾಚಿನಲ್ಲಿ ಆ ಗೀರೇ ಇಲ್ಲ. ಅಂದರೆ ತೋರಿಸಿದ ವಾಚೇ ಬೇರೆ.

"ಹಳೇ ಮಾಲು ವಾಪಸ್ ಇಲ್ಲ" ಅಂದ ಮಾರಾಟಗಾರ. ನೀವೂ ಅದನ್ನೇ ಎತ್ತಿಹಿಡಿದಿರಿ. 2020ರ ಇ-ಕಾಮರ್ಸ್ ನಿಯಮಗಳನ್ನು ದಯವಿಟ್ಟು ಓದಿ. ಜಾಹೀರಾತಿನಲ್ಲಿ ಹೇಳಿದ ಗುಣ ಮಾಲಿನಲ್ಲಿ ಇಲ್ಲದಿದ್ದರೆ ಮಾರಾಟಗಾರ ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ. ನೂರಾರು ವಾಚು ಮಾರಿರುವ ಈತ ಮನೆಯ ಹಳೇ ಸಾಮಾನು ಮಾರುವವನಂತೂ ಅಲ್ಲ, ವ್ಯಾಪಾರಿ, ಹಾಗಾಗಿ ಈ ನಿಯಮ ತನಗಲ್ಲ ಅನ್ನುವಂತಿಲ್ಲ.

ಮಾರುವವರ ಕಡೆಯ ಗೋಳೂ ಕಡಿಮೆ ಇಲ್ಲ. ನಾನು ಹಾಕಿದ ಕೊಹಿನೂರ್ ವಾಚನ್ನು ಒಬ್ಬರು ಒಳ್ಳೆ ಬೆಲೆಗೆ ಗೆದ್ದರು. ಹಣ ಬರಲಿಲ್ಲ. ಫೋನ್ ಮಾಡಿದರೆ, "ಅಣ್ಣಾ, ಸುಮ್ನೆ ಎಲ್ಲಿಗೆ ಹೋಗುತ್ತೆ ನೋಡೋಣ ಅಂತ ಹಾಕಿದ್ದೆ" ಅಂದರು. ಅಷ್ಟರಲ್ಲಿ ನಿಜವಾಗಿ ಬೇಕಿದ್ದವರು ಬೇರೆ ಕಡೆ ಕೊಂಡುಕೊಂಡಿದ್ದರು. ಹರಾಜಿಗೆ ಹಾಕಲು ನಾನು ಕಟ್ಟಿದ ಶುಲ್ಕವನ್ನು ನೀವು ವಾಪಸ್ ಕೊಡಲಿಲ್ಲ. ಆ ವ್ಯಕ್ತಿ ಈಗಲೂ ನಿಮ್ಮಲ್ಲಿ ಬಿಡ್ ಹಾಕುತ್ತಿದ್ದಾರೆ.

ಇನ್ನೊಬ್ಬರು ವಾಚು ಕೊಂಡು "ನಿಂತು ಹೋಗುತ್ತೆ" ಎಂದು ವಾಪಸ್ ಕಳಿಸಿದರು. ಹಿಂದಿನ ಮುಚ್ಚಳ ತೆಗೆದು ನೋಡಿದೆ. ರಿಪೇರಿ ಮಾಡುವವರು ಮುಚ್ಚಳದ ಒಳಗೆ ಸೂಜಿಯಿಂದ ಸಣ್ಣ ಗುರುತು ಗೀಚುತ್ತಾರೆ, ಅದು ಹಾಗೇ ಇತ್ತು. ಮಷೀನ್ ಮಾತ್ರ ನಾನು ಕಳಿಸಿದ್ದಲ್ಲ, ತುಕ್ಕು ಹಿಡಿದ ಬೇರೆ ಮಷೀನ್. ಕಳಿಸುವ ಮುಂಚೆ ತೆಗೆದ ಫೋಟೋ ಕೊಟ್ಟೆ. ನೀವು ನೋಡದೆಯೇ ಅವರಿಗೆ ಪೂರ್ತಿ ಹಣ ವಾಪಸ್ ಮಾಡಿದಿರಿ. ಒಂದು ಕಡೆ ಕೊಂಡವನ ಮಾತು ಕೇಳುವುದಿಲ್ಲ, ಇನ್ನೊಂದು ಕಡೆ ಮಾರಿದವನ ಸಾಕ್ಷಿ ನೋಡುವುದಿಲ್ಲ.

ಇದರಿಂದ ಆಗಿರುವುದು ಏನು ಗೊತ್ತಾ? ಕೊಳ್ಳುವವರು ಮಾರುವವರನ್ನೆಲ್ಲ ಕಳ್ಳರೆಂದು ನೋಡುತ್ತಾರೆ. ಮಾರುವವರು ಬಿಡ್ ಹಾಕುವವರನ್ನೆಲ್ಲ ತಮಾಷೆಗೆ ಬಂದವರೆಂದು ನೋಡುತ್ತಾರೆ. ಒಳ್ಳೆಯ ವಾಚು ಇರುವ ಹಿರಿಯರು, ಅದನ್ನು ಕೈಯಾರೆ ಜೋಡಿಸಿದ ನಿವೃತ್ತ ಕಾರ್ಮಿಕರು ನಮ್ಮೂರಿನಲ್ಲಿ ಇದ್ದಾರೆ. "ಅಲ್ಲಿ ಹಾಕಿ, ಒಳ್ಳೆ ಬೆಲೆ ಬರುತ್ತೆ" ಅಂತ ಅವರಿಗೆ ಹೇಳಲು ನನಗೀಗ ಮನಸ್ಸಾಗುವುದಿಲ್ಲ.

ಪಕ್ಕದ ತಿಪಟೂರಿನ ಎಪಿಎಂಸಿಯಲ್ಲಿ ಕೊಬ್ಬರಿ ಹರಾಜಾಗುತ್ತದೆ. ಅಲ್ಲಿ ಬೆಲೆ ಹೇಳುವ ವರ್ತಕನಿಗೆ ಲೈಸೆನ್ಸ್ ಇರಬೇಕು. ಹೇಳಿದವನು ಯಾರು ಎಂದು ಸಮಿತಿಗೆ ಗೊತ್ತಿರುತ್ತದೆ. ನಿಮ್ಮಲ್ಲಿ ಒಂದು ಇಮೇಲ್ ಇದ್ದರೆ ಸಾಕು, ಎಷ್ಟು ಬೇಕಾದರೂ ಏರಿಸಬಹುದು.

ಕೊನೆ ಸೆಕೆಂಡಿನಲ್ಲಿ ಬಿಡ್ ಹಾಕಿ ಗೆಲ್ಲುವವರ ಮೇಲೆ ನನ್ನ ದೂರಿಲ್ಲ, ಅವರು ಹಣ ಕಟ್ಟುತ್ತಾರೆ. ಆದರೆ ರೇಟಿಂಗ್ ವ್ಯವಸ್ಥೆ ಸರಿಯಿಲ್ಲ. ಜನತಾ ವಾಚಿಗೆ ನಾನು ಒಂದು ಸ್ಟಾರ್ ಕೊಟ್ಟ ತಕ್ಷಣ ಆ ಮಾರಾಟಗಾರ ನನಗೂ ಒಂದು ಸ್ಟಾರ್ ಕೊಟ್ಟ. ಹೀಗೆ ಸೇಡು ತೀರಿಸಿಕೊಳ್ಳುವ ಭಯದಿಂದ ಯಾರೂ ನಿಜ ಬರೆಯುವುದಿಲ್ಲ. ಆನ್‌ಲೈನ್ ಹರಾಜು ನಡೆಸುವ ಇಬೇ ಸಂಸ್ಥೆ 2008ರಲ್ಲೇ ಮಾರಾಟಗಾರರು ಕೊಂಡವರಿಗೆ ಕೆಟ್ಟ ರೇಟಿಂಗ್ ಕೊಡುವುದನ್ನು ನಿಲ್ಲಿಸಿತು. ನೀವು ಹಾಗೇ ಮಾಡಬೇಕೆಂದಿಲ್ಲ. ಇಬ್ಬರೂ ಬರೆದ ಮೇಲೆ ಒಟ್ಟಿಗೆ ತೋರಿಸಿದರೂ ಆಯಿತು.

ನನಗೆ ಬೇಕಿರುವುದು ಇಷ್ಟು. ಜನತಾ ವಾಚನ್ನು ವಾಪಸ್ ತೆಗೆದುಕೊಂಡು 2,350 ರೂಪಾಯಿ ಮತ್ತು ಕೊರಿಯರ್ ಖರ್ಚು ಕೊಡಿ. ಪೈಲಟ್ ಹರಾಜಿನ ಆ ಐಡಿಗೂ ಮಾರಾಟಗಾರನಿಗೂ ಸಂಬಂಧ ಇದೆಯೋ ಇಲ್ಲವೋ ತನಿಖೆ ಮಾಡಿ ಬರಹದಲ್ಲಿ ತಿಳಿಸಿ. ಕೊಹಿನೂರ್ ಹರಾಜಿನ ಶುಲ್ಕ ವಾಪಸ್ ಮಾಡಿ. ಮಷೀನ್ ಬದಲಾದ ವಾಚಿನ ಫೋಟೋಗಳನ್ನು ಈಗಲಾದರೂ ಒಬ್ಬ ಮನುಷ್ಯ ಕೂತು ನೋಡಲಿ. ಮುಂದಕ್ಕೆ, ಬಿಡ್ ಹಾಕುವವರಿಂದ ಸಣ್ಣ ಮೊತ್ತದ ಠೇವಣಿ ತೆಗೆದುಕೊಳ್ಳಿ. ನಿಜವಾಗಿ ಕೊಳ್ಳುವವರು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ನಾನಂತೂ ಸಂತೋಷದಿಂದ ಕಟ್ಟುತ್ತೇನೆ.

ಅದೇ 2020ರ ನಿಯಮಗಳ ಪ್ರಕಾರ ಈ ದೂರು ತಲುಪಿದೆ ಎಂದು ನೀವು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಆಫೀಸು ಎಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನು ವಾಸವಿರುವ ಊರಿನಲ್ಲೇ ದೂರು ದಾಖಲಿಸಬಹುದು.

ಜೊತೆಗೆ ಇಟ್ಟಿರುವುದು: ಹರಾಜಿನ ಬಿಡ್ ಪುಟಗಳ ಸ್ಕ್ರೀನ್‌ಶಾಟ್, ಜನತಾ ಜಾಹೀರಾತು, ಲೆನ್ಸ್‌ನಿಂದ ತೆಗೆದ ಡಯಲ್ ಫೋಟೋ, ಹಣ ಕಟ್ಟಿದ ರಸೀದಿ, ವಾಪಸ್ ಬಂದ ವಾಚಿನ ಒಳಗಿನ ಫೋಟೋಗಳು, ನೀವು ಕಳಿಸಿದ ಉತ್ತರಗಳು.

ಇಂತಿ,
ನಿಮ್ಮ ಗ್ರಾಹಕ,
ತುಮಕೂರು