ಪರಮಪ್ರಸಾದದ ಸಾಲಿನಲ್ಲಿ ಗುರುಗಳ ಪೇಚಾಟ

ಮಾನ್ಯ ಸಂಪಾದಕರೇ,

ಕಥೋಲಿಕ ಚರ್ಚುಗಳಲ್ಲಿ ಮದುವೆಯ ಬಲಿಪೂಜೆ (ಮಾಸ್) ನಡೆಯುವಾಗ ಪರಮಪ್ರಸಾದವನ್ನು, ಅಂದರೆ ಪವಿತ್ರಗೊಳಿಸಿದ ತೆಳುವಾದ ರೊಟ್ಟಿಯ ಬಿಲ್ಲೆಯನ್ನು, ಹಂಚುವ ಗುರುಗಳು (ಪಾದ್ರಿಗಳು) ಪಡುವ ಪೇಚಾಟವನ್ನು ಕಂಡವರು ಊಟದ ಪಂಕ್ತಿಯಲ್ಲಿ ಅದನ್ನು ಹೇಳಿಕೊಂಡು ನಗುತ್ತಾರೆಯೇ ಹೊರತು, ಅದಕ್ಕಿರುವ ಸುಲಭ ಪರಿಹಾರದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲವಾದ್ದರಿಂದ ಈ ಪತ್ರ.

ನಮ್ಮ ಕಡೆ ಕ್ರೈಸ್ತರ ಮದುವೆಗೆ ನೆರೆಹೊರೆಯವರು, ಕಚೇರಿಯವರು, ಹಾಲು ಹಾಕುವವರು ಎಲ್ಲರೂ ಬರುತ್ತಾರೆ. ಪರಮಪ್ರಸಾದದ ವೇಳೆ ಬೆಂಚಿನವರೆಲ್ಲ ಎದ್ದು ಸಾಲುಗಟ್ಟಿದಾಗ ತಾವು ಮಾತ್ರ ಕುಳಿತಿರುವುದು ಮರ್ಯಾದೆಯಲ್ಲವೆಂದು ಈ ಅತಿಥಿಗಳೂ ಸೇರಿಕೊಳ್ಳುತ್ತಾರೆ; ದೇವರ ಸನ್ನಿಧಿಯಲ್ಲಿ ಕೊಟ್ಟದ್ದನ್ನು ಬೇಡವೆನ್ನಬಾರದೆಂಬುದು ಅವರ ಸಂಸ್ಕಾರ. ಗುರುಗಳು ‘ಕ್ರಿಸ್ತರ ಶರೀರ’ ಎಂದಾಗ ‘ಆಮೆನ್’ ಎನ್ನುವ ಬದಲು ‘ನಮಸ್ಕಾರ ಫಾದರ್’ ಎನ್ನುವವರಿದ್ದಾರೆ. ತೀರ್ಥಕ್ಕೆ ಒಡ್ಡುವಂತೆ ಬಲಗೈಯನ್ನು ಒಡ್ಡಿ, ಪಡೆದದ್ದನ್ನು ಕಣ್ಣಿಗೊತ್ತಿಕೊಂಡು ಕರವಸ್ತ್ರದಲ್ಲಿ ಸುತ್ತಿಟ್ಟುಕೊಳ್ಳುವವರಿದ್ದಾರೆ. ‘ಮನೆಯಲ್ಲಿ ಅಜ್ಜಿ ಇದ್ದಾರೆ, ಇನ್ನೊಂದು ಕೊಡಿ’ ಎಂದು ವಿನಯದಿಂದಲೇ ಕೇಳುವವರೂ ಉಂಟು. ಕಥೋಲಿಕರ ನಂಬಿಕೆಯಲ್ಲಿ ಅದು ಕ್ರಿಸ್ತರ ಶರೀರವೇ ಆದ್ದರಿಂದ ಅಲ್ಲಿಯೇ ಸೇವಿಸಬೇಕು, ಮನೆಗೆ ಒಯ್ಯುವಂತಿಲ್ಲ. ಕೈಯಲ್ಲಿ ಪಾತ್ರೆ ಹಿಡಿದು, ಎದುರಿಗೆ ಉದ್ದನೆಯ ಸಾಲನ್ನಿಟ್ಟುಕೊಂಡ ಗುರುಗಳು ಅಂಥವರ ಹಿಂದೆ ಓಡುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಕೊನೆಗೆ ಪೂಜೆಗೆ ನೆರವಾಗುವ ಪೀಠಬಾಲಕನೊಬ್ಬನನ್ನು ಕಣ್ಸನ್ನೆಯಿಂದ ಅಟ್ಟುತ್ತಾರೆ. ಆ ಹುಡುಗ ಮದುವೆಗೆ ಬಂದ ಹಿರಿಯರೊಬ್ಬರ ಜೇಬನ್ನು ತೋರಿಸಿ ‘ಅಂಕಲ್, ಅದನ್ನು ತಿಂದುಬಿಡಿ’ ಎನ್ನುವಾಗ ಅವರ ಮುಖ ಕೆಂಪಾಗುವುದನ್ನು ನೋಡಲು ಸಂಕಟವಾಗುತ್ತದೆ.

ಒಳಗಿನವರಿಂದಲೂ ಎಡವಟ್ಟುಗಳು ಕಡಿಮೆಯೇನಿಲ್ಲ. ನಾಲಿಗೆಯ ಮೇಲೆ ಸ್ವೀಕರಿಸುವುದೇ ರೂಢಿಯಾದ ಅಜ್ಜಿ ನಾಲಿಗೆ ಚಾಚಿದರೆ ಗುರುಗಳು ಕೈಗೆ ಕೊಡಲು ಹೋಗುತ್ತಾರೆ. ಅಜ್ಜಿ ಕೈ ಚಾಚುವಷ್ಟರಲ್ಲಿ ಗುರುಗಳ ಕೈ ಬಾಯಿಯತ್ತ ತಿರುಗಿರುತ್ತದೆ. ಹಬ್ಬದ ದಿನ ಜನರ ಅಂದಾಜು ತಪ್ಪಿ, ರೊಟ್ಟಿಯನ್ನು ಅರ್ಧ, ಕಾಲು, ಕೊನೆಗೆ ಉಗುರಿನಷ್ಟು ಚೂರು ಮಾಡಿ ಹಂಚಿದ್ದನ್ನೂ ನೋಡಿದ್ದೇವೆ. ಫ್ಯಾನಿನ ಗಾಳಿಗೆ ಹಾರಿ ಕೆಳಗೆ ಬಿದ್ದರಂತೂ ಇಡೀ ಸಾಲು ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಇಂಥವನ್ನು ಮೊಬೈಲಿನಲ್ಲಿ ಸೆರೆಹಿಡಿದು ಹರಿಯಬಿಡುವವರೂ, ಅಪಚಾರವಾಯಿತೆಂದು ಬಿಷಪರಿಗೆ ದೂರು ಬರೆಯುವವರೂ ಒಂದು ಸಂಗತಿಯನ್ನು ಗಮನಿಸಬೇಕು. ಧರ್ಮಸಭೆ ಇವನ್ನೆಲ್ಲ ಎಂದೋ ಊಹಿಸಿದೆ. 1570ರ ಪೂಜಾಗ್ರಂಥದಲ್ಲಿ, ಪೂಜೆಯ ದ್ರಾಕ್ಷಾರಸದ ಬಟ್ಟಲಿಗೆ ನೊಣವೋ ಜೇಡವೋ ಬಿದ್ದರೆ ಗುರು ಏನು ಮಾಡಬೇಕು, ಚಳಿಗೆ ದ್ರಾಕ್ಷಾರಸ ಹೆಪ್ಪುಗಟ್ಟಿದರೆ ಬಟ್ಟಲಿಗೆ ಬೆಚ್ಚನೆಯ ಬಟ್ಟೆ ಹೇಗೆ ಸುತ್ತಬೇಕು ಎಂಬುದೂ ಇತ್ತು. ಈಗಿನ ನಿಯಮವೂ ಕೆಳಗೆ ಬಿದ್ದದ್ದನ್ನು ಭಕ್ತಿಯಿಂದ ಎತ್ತಿಕೊಳ್ಳಿ ಎನ್ನುತ್ತದೆಯೇ ಹೊರತು ಗಾಬರಿಯಾಗಿ ಎಂದು ಹೇಳುವುದಿಲ್ಲ. ಚೂರುಗಳು ಬೀಳದಂತೆ ಗದ್ದದ ಕೆಳಗೆ ಹಿಡಿಯುವ ತಟ್ಟೆಯನ್ನು ಉಳಿಸಿಕೊಳ್ಳಬೇಕೆಂದು 2004ರಲ್ಲಿ ವ್ಯಾಟಿಕನ್ ಸೂಚಿಸಿದ್ದರೂ ಅನೇಕ ಕಡೆ ಅದು ಬೀರುವಿನಲ್ಲಿಯೇ ಉಳಿದಿದೆ.

ಆದರೆ ಅತಿಥಿಗಳ ಮುಜುಗರ ತಟ್ಟೆಯಿಂದ ತಪ್ಪುವುದಲ್ಲ. ಮದುವೆ ಮತ್ತು ಅಂತ್ಯಕ್ರಿಯೆಯ ಬಲಿಪೂಜೆಗಳಲ್ಲಿ ಪರಮಪ್ರಸಾದಕ್ಕೆ ಮುಂಚೆ, ಇಂಗ್ಲಿಷಿನಲ್ಲಿ ಗಡಿಬಿಡಿಯ ಒಂದು ವಾಕ್ಯ ಹೇಳಿ ಮುಗಿಸದೆ, ಸಾವಧಾನವಾಗಿ ಕನ್ನಡದಲ್ಲಿ ಎರಡು ಮಾತು ಹೇಳಿದರೆ ಸಾಕು: ಇದು ದೀಕ್ಷಾಸ್ನಾನ ಪಡೆದು ಸಿದ್ಧರಾಗಿ ಬಂದ ಕಥೋಲಿಕರಿಗೆ ಮಾತ್ರ; ಉಳಿದ ಬಂಧುಗಳು ಕುಳಿತೇ ಪ್ರಾರ್ಥಿಸಬಹುದು, ಇಲ್ಲವೇ ಎದೆಯ ಮೇಲೆ ಕೈಗಳನ್ನು ಅಡ್ಡವಾಗಿಟ್ಟು ಬಂದರೆ ಆಶೀರ್ವಾದ ಪಡೆಯಬಹುದು. ‘ನಿಮಗಿಲ್ಲ’ ಎಂಬ ಧಾಟಿಯಲ್ಲಿ ಹೇಳಿದರೆ ಮಾತ್ರ ಜನರಿಗೆ ನೋವಾಗುತ್ತದೆ. ಆಮಂತ್ರಣ ಪತ್ರಿಕೆಯನ್ನು ಹಂಚುವಾಗಲೇ ಮದುವೆ ಮನೆಯವರು ಈ ಮಾತನ್ನು ಕಿವಿಗೆ ಹಾಕಿದರೆ ಇನ್ನೂ ಒಳ್ಳೆಯದು.

ಇದರ ಜೊತೆಗೆ, ಪಾತ್ರೆ ಹಿಡಿದು ಮೆಟ್ಟಿಲಿಳಿಯುವ ಮುನ್ನ ಗುರುಗಳು ತಮ್ಮ ಕಾಲರ್ ಮೈಕನ್ನು ಆಫ್ ಮಾಡಿಕೊಂಡರೆ, ‘ಎಡಗಡೆ ಮೂರನೆಯವರು ಜೇಬಿಗೆ ಹಾಕಿಕೊಂಡರು, ಬೇಗ ಹೋಗು’ ಎಂಬ ಗುಟ್ಟಿನ ಸೂಚನೆ ಹೊರಗಿನ ಧ್ವನಿವರ್ಧಕದಲ್ಲಿ ಬಸ್ ನಿಲ್ದಾಣದವರೆಗೂ ಕೇಳಿಸುವುದು ತಪ್ಪುತ್ತದೆ.

ಇತಿ,
ಓರ್ವ ಕಥೋಲಿಕ ಓದುಗ, ಶಿವಮೊಗ್ಗ