ಉತ್ತರದ ಮನೆಗೆ ಹಣ ಪಡೆದು, ಆಳುಗಳ ಸಾಲಿನಲ್ಲಿ ಮಲಗಿಸಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ, ಬೆಂಗಳೂರು

ಮಾನ್ಯರೇ,

ಐದು ಸಲ ಫೋನ್ ಮಾಡಿದೆ, ಮೂರು ಇಮೇಲ್ ಕಳಿಸಿದೆ. ನಿನ್ನೆ ‘ನಿಮ್ಮ ದೂರು ಮುಕ್ತಾಯಗೊಂಡಿದೆ’ ಎಂಬ ಮೆಸೇಜ್ ಬಂತು. ಯಾರು ಮುಗಿಸಿದರು, ಹೇಗೆ ಮುಗಿಸಿದರು ಎಂದು ನನಗೆ ತಿಳಿಯಬೇಕು.

ಬೀಜಿಂಗ್‌ನ ಹುಟಾಂಗ್ ಓಣಿಯೊಂದರಲ್ಲಿ, ಈಗ ಹೋಟೆಲ್ ಆಗಿರುವ ಹಳೆಯ ಸಿಹೆಯುವಾನ್‌ನಲ್ಲಿ (ನಡುವಿನ ಅಂಗಳದ ನಾಲ್ಕೂ ಬದಿಗೆ ಮನೆಗಳಿರುವ ಕಟ್ಟಡ), ನವೆಂಬರ್ 9ರಿಂದ ಮೂರು ರಾತ್ರಿಗೆ ಉತ್ತರದ ಮುಖ್ಯ ಮನೆಯ ಕೋಣೆಯನ್ನೇ ಕೇಳಿದ್ದೆ. ಅದಕ್ಕೆಂದು ಹೆಚ್ಚುವರಿ 18,000 ರೂಪಾಯಿ ಕಟ್ಟಿದ್ದೆ. ರಸೀದಿ ನಿಮ್ಮದೇ. ಆ ಮನೆಗಳ ಕ್ರಮವೂ ನಿಮಗೆ ಗೊತ್ತು, ನಿಮ್ಮ ಪುಸ್ತಿಕೆಯಲ್ಲೇ ಅಚ್ಚಾಗಿದೆ: ಉತ್ತರ ಬದಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಜಂಗ್‌ಫಾಂಗ್ ಹಿರಿಯರದು; ಚಳಿಗಾಲದ ಓರೆ ಬಿಸಿಲು ಅದರೊಳಕ್ಕೆ ಬರುತ್ತದೆ. ಪೂರ್ವ ಪಶ್ಚಿಮದ ಸಾಲುಗಳು ಮಕ್ಕಳವು. ಓಣಿಗೆ ಬೆನ್ನು ಹಾಕಿದ ದಾವ್‌ಜ್ವೊಫಾಂಗ್ ಆಳುಗಳಿಗೆ, ಬಂದುಹೋಗುವವರಿಗೆ. ಅದಕ್ಕೆ ಬಿಸಿಲಿಲ್ಲ.

ನಮ್ಮಮ್ಮನಿಗೆ 74 ವರ್ಷ. ತೀರ್ಥಹಳ್ಳಿ ಕಡೆಯ ತೊಟ್ಟಿಮನೆಯಲ್ಲಿ ಹುಟ್ಟಿ ಬೆಳೆದವರು. ಆ ಮನೆ ಈಗಿಲ್ಲ. ಇನ್ನೊಂದು ದೇಶದವರೂ ನಡುವೆ ಅಂಗಳ ಬಿಟ್ಟು ಮನೆ ಕಟ್ಟಿದ್ದಾರೆ ಎಂದು ತಿಳಿದಾಗಿನಿಂದ ಅದನ್ನು ನೋಡುವ ಆಸೆ ಅವರಿಗೆ.

ರಾತ್ರಿ ಒಂಬತ್ತೂವರೆಗೆ ತಲುಪಿದೆವು. ಆಗ್ನೇಯ ಮೂಲೆಯ ಬಾಗಿಲು, ಎದುರಿಗೆ ಅಡ್ಡಗೋಡೆ, ಎತ್ತರದ ಹೊಸ್ತಿಲು. ಅಮ್ಮ ನನ್ನ ಭುಜ ಹಿಡಿದು ದಾಟಿದರು. ಒಳ ಅಂಗಳಕ್ಕೆ ಹೋಗುವ ಚಿತ್ತಾರದ ಬಾಗಿಲಿನತ್ತ ಹೆಜ್ಜೆ ಇಟ್ಟರೆ, ಕೌಂಟರಿನ ಹುಡುಗಿ ನಮ್ಮನ್ನು ತಡೆದು ಎಡಕ್ಕೆ, ಓಣಿ ಬದಿಯ ಸಾಲಿಗೆ ಕೈ ತೋರಿಸಿದಳು. ನಾನು ರಸೀದಿ ತೋರಿಸಿದೆ. ಅವಳು ನೀವು ಕಳಿಸಿದ ಬುಕಿಂಗ್ ಕಾಗದ ತಂದು ಬೆರಳಿಟ್ಟಳು: ದಾವ್‌ಜ್ವೊಫಾಂಗ್. ತಪ್ಪು ಹೋಟೆಲಿನದಲ್ಲ.

ನಿಮ್ಮ ತುರ್ತು ನಂಬರಿಗೆ ಫೋನ್ ಮಾಡಿದೆ. ಅವಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದೆ.

“ಸರ್, ರೂಮ್ ಅಂದ್ರೆ ರೂಮ್. ಆ ಕಡೆ ಆದ್ರೇನು, ಈ ಕಡೆ ಆದ್ರೇನು?”

“ಅಮ್ಮನಿಗೆ ಚಳಿ ತಡೆಯೋಕಾಗಲ್ಲ, ಮಂಡಿ ನೋವಿದೆ. ಅದಕ್ಕೇ ಜಾಸ್ತಿ ದುಡ್ಡು ಕಟ್ಟಿದ್ದು.”

“ಅಷ್ಟು ವಯಸ್ಸಾದೋರನ್ನ ಮನೇಲೇ ಬಿಟ್ಟು ಬರ್ಬೇಕಿತ್ತು ಸರ್. ಈಗ ಅಡ್ಜಸ್ಟ್ ಮಾಡ್ಕೊಳ್ಳಿ.”

ಆ ಹುಡುಗಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಅಮ್ಮನಿಗೆ ಎಲ್ಲವೂ ಅರ್ಥವಾಯಿತು. ಅಷ್ಟು ದೂರ ಹೋಗಿ, ನಮ್ಮ ಭಾಷೆಯಲ್ಲೇ ಆ ಮಾತು ಕೇಳಬೇಕಾಯಿತು. “ಬಿಡು ಮಗಾ, ಮೂರು ರಾತ್ರಿ ತಾನೆ” ಎಂದು ಅವರೇ ಚೀಲ ಎತ್ತಿಕೊಂಡರು.

ಬೀಜಿಂಗ್‌ನಲ್ಲಿ ಮನೆಗಳನ್ನು ಬೆಚ್ಚಗಿಡುವ ಸಾರ್ವಜನಿಕ ಹೀಟಿಂಗ್ ಶುರುವಾಗುವುದು ನವೆಂಬರ್ 15ಕ್ಕೆ. ಕೋಣೆಯ ಎಸಿ ಬಿಸಿಗಾಳಿ ಊದುತ್ತಿದ್ದರೂ ನೆಲ ಕೊರೆಯುತ್ತಿತ್ತು. ಅಮ್ಮ ಮೂರು ರಾತ್ರಿಯೂ ಶಾಲು ಹೊದ್ದು ಕೂತಿದ್ದರು. ಕೊನೆಯ ಬೆಳಿಗ್ಗೆ ಕಸ ಗುಡಿಸುವಾಕೆ ತಾನಾಗಿ ಅಮ್ಮನ ಕೈ ಹಿಡಿದು ಒಳ ಅಂಗಳಕ್ಕೆ ಕರೆದೊಯ್ದಳು. ಉತ್ತರದ ಜಗಲಿಯ ಬಿಸಿಲಿನಲ್ಲಿ ಅಮ್ಮ ಹತ್ತು ನಿಮಿಷ ನಿಂತರು. “ನಮ್ಮಲ್ಲಿ ನಾಲ್ಕೂ ಕಡೆಗೆ ಒಂದೇ ಸೂರು, ಇಲ್ಲಿ ನಾಲ್ಕು ಬೇರೆ ಬೇರೆ ಮನೆ” ಎಂದರು. ಅಮ್ಮನಿಗೆ ಸಿಕ್ಕಿದ್ದು ಆ ಹತ್ತು ನಿಮಿಷ. ಅದೂ ನಿಮ್ಮಿಂದಲ್ಲ.

18,000 ರೂಪಾಯಿ ವಾಪಸು ಬರಬೇಕು. ಆ ಮಾತಾಡಿದವರು ಅಮ್ಮನ ಹೆಸರಿಗೆ ಕ್ಷಮಾಪಣೆ ಬರೆದು ಕಳಿಸಬೇಕು. 15 ದಿನ ಕಾಯುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನಾನಿರುವ ಊರಿನಲ್ಲೇ ದೂರು ಹಾಕಬಹುದು, ಅದಕ್ಕೆ ಎರಡು ವರ್ಷದ ಅವಕಾಶವಿದೆ. ರಸೀದಿ, ಬುಕಿಂಗ್ ಕಾಗದ, ಕರೆಯ ದಿನಾಂಕ, ಸಮಯ ಎಲ್ಲ ಜೋಡಿಸಿಟ್ಟಿದ್ದೇನೆ. ಹಣ ಮಾತ್ರ ಕಳಿಸಿ ಕ್ಷಮೆ ಬಿಟ್ಟರೆ, ಆಗಲೂ ದೂರು ಹಾಕುತ್ತೇನೆ.

ಇತಿ,
ನಿಮ್ಮ ಗ್ರಾಹಕ